ಮಗುವಿನ ಔಷಧಿ, ಆಸ್ಪತ್ರೆ, ವಿಮೆ: ಜೀವನಾಂಶದ ಅರ್ಜಿಯಲ್ಲಿ ಏನೇನು ಕೇಳಬೇಕು?

ಗೋಣಿಕೊಪ್ಪದ ತಾಯಿ:

ಎಲ್ಲರಿಗೂ ನಮಸ್ಕಾರ. ನನ್ನ ಮಗಳಿಗೆ ಎಂಟು ವರ್ಷ. ಟೈಪ್ 1 ಮಧುಮೇಹ ಇದೆ. ದಿನವೂ ಇನ್ಸುಲಿನ್ ಚುಚ್ಚಬೇಕು, ಜೀವನಪರ್ಯಂತ. ನಾನು ಮತ್ತು ಅವಳ ತಂದೆ ಬೇರೆಯಾಗಿದ್ದೇವೆ. ಅವರು ಬೆಂಗಳೂರಿನ ಕಂಪನಿಯೊಂದರಲ್ಲಿ ಕೆಲಸದಲ್ಲಿದ್ದಾರೆ. ನಾನು ತವರುಮನೆಯಲ್ಲಿದ್ದುಕೊಂಡು ಒಂದು ಖಾಸಗಿ ಶಾಲೆಯಲ್ಲಿ ಪಾಠ ಮಾಡುತ್ತೇನೆ. ನ್ಯಾಯಾಲಯವು ಮಗಳಿಗೆಂದು ತಿಂಗಳಿಗೆ ಇಂತಿಷ್ಟು ಎಂದು ನಿಗದಿ ಮಾಡಿದೆ, ಅದು ತಪ್ಪದೆ ಬರುತ್ತಿದೆ. ಆದರೆ ಆದೇಶದಲ್ಲಿ ಚಿಕಿತ್ಸೆಯ ಬಗ್ಗೆ ಒಂದು ಸಾಲೂ ಇಲ್ಲ.

ಈ ಮಳೆಗಾಲದಲ್ಲಿ ಒಂದು ರಾತ್ರಿ ಮಗಳಿಗೆ ವಾಂತಿ ನಿಲ್ಲಲಿಲ್ಲ, ಉಸಿರಾಟ ಜೋರಾಯಿತು. ತಿತಿಮತಿ, ಆನೆಚೌಕೂರು ದಾಟಿ ಮೈಸೂರಿಗೆ ಕರೆದುಕೊಂಡು ಹೋದೆವು. ಇನ್ಸುಲಿನ್ ಕೊರತೆಯಿಂದ ರಕ್ತ ಆಮ್ಲೀಯವಾಗುವ ಕೀಟೋಆಸಿಡೋಸಿಸ್ ಎಂದು ತೀವ್ರ ನಿಗಾ ಘಟಕಕ್ಕೆ ಸೇರಿಸಿದರು. ತಂದೆಯ ಕಂಪನಿಯ ಗುಂಪು ವಿಮೆಯಲ್ಲಿ ಮಗಳ ಹೆಸರಿದೆ ಎಂದು ನನಗೆ ಗೊತ್ತಿತ್ತು, ಆದರೆ ಕಾರ್ಡ್ ಆಗಲಿ ಪಾಲಿಸಿ ಸಂಖ್ಯೆಯಾಗಲಿ ನನ್ನ ಬಳಿ ಇರಲಿಲ್ಲ. ಅಪ್ಪ ತೋಟದ ಸಾಲದ ಹಣ ತೆಗೆದು ಬಿಲ್ ಕಟ್ಟಿದರು. ಆಮೇಲೆ ಮೂಲ ಬಿಲ್ಲುಗಳನ್ನು ಅವರಿಗೆ ಕಳುಹಿಸಿದೆ. ವಿಮಾ ಕಂಪನಿ ಹಣ ಕೊಟ್ಟಿತು, ಆದರೆ ಅವರ ಖಾತೆಗೆ. ಕೇಳಿದರೆ, ‘ತಿಂಗಳು ತಿಂಗಳು ಕೊಡುವುದರಲ್ಲೇ ಎಲ್ಲವೂ ಸೇರಿದೆ’ ಎನ್ನುತ್ತಾರೆ. ಈಗ ಕೆಲಸ ಬದಲಾಯಿಸುವವರಿದ್ದಾರೆ. ಹೊಸ ಕಡೆ ಮಗಳ ಹೆಸರನ್ನು ವಿಮೆಗೆ ಸೇರಿಸುವ ಬಗ್ಗೆ ಖಚಿತವಾಗಿ ಏನನ್ನೂ ಹೇಳುತ್ತಿಲ್ಲ.

ಇದಕ್ಕೆ ಕಾನೂನಿನಲ್ಲಿ ದಾರಿ ಇದೆಯೇ? ತಿಂಗಳ ಹಣದ ಜೊತೆಗೆ ವಿಮೆಯನ್ನೂ ಕೇಳಬಹುದೇ? ತಿಳಿದವರು ಹೇಳಿ.

ಮಡಿಕೇರಿಯ ವಕೀಲೆ:

ತಂಗಿ, ದಾರಿ ಇದೆ. ಮೊದಲು ನಿಮ್ಮ ಆದೇಶ ಯಾವ ಕಲಮಿನಡಿ ಬಂದಿದೆ ಎಂದು ನೋಡಿ, ಏಕೆಂದರೆ ಏನು ಕೇಳಬಹುದು ಎಂಬುದು ಅದರ ಮೇಲೆ ನಿಂತಿದೆ.

ಅರ್ಜಿ 2024ರ ಜುಲೈ 1ಕ್ಕಿಂತ ಹಿಂದಿನದಾದರೆ ಅದು ದಂಡ ಪ್ರಕ್ರಿಯಾ ಸಂಹಿತೆಯ 125ನೇ ಕಲಂ. ಆಮೇಲಿನದಾದರೆ ಭಾರತೀಯ ನಾಗರಿಕ ಸುರಕ್ಷಾ ಸಂಹಿತೆಯ 144. ಎರಡರ ತಿರುಳೂ ಒಂದೇ. ಈ ಕಲಮಿನಲ್ಲಿ ನ್ಯಾಯಾಲಯ ಕೊಡಿಸುವುದು ಮಾಸಿಕ ಭತ್ಯೆ. ಅಂದರೆ ಮಗುವಿನ ಔಷಧಿಯ ಖರ್ಚನ್ನು ಲೆಕ್ಕ ತೋರಿಸಿ ಆ ತಿಂಗಳ ಮೊತ್ತದೊಳಗೆ ಸೇರಿಸಿಕೊಳ್ಳಬೇಕು. ‘ಪಾಲಿಸಿಯಲ್ಲಿ ಹೆಸರು ಉಳಿಸಿ, ಕಾರ್ಡ್ ಕೊಡಿ’ ಎಂಬಂಥ ನಿರ್ದೇಶನಕ್ಕೆ ಈ ಕಲಂ ಇಕ್ಕಟ್ಟಾಗುತ್ತದೆ.

ಹಿಂದೂ ವಿವಾಹ ಕಾಯ್ದೆ, 1955ರ 26ನೇ ಕಲಂ ಅಷ್ಟು ಇಕ್ಕಟ್ಟಿನದಲ್ಲ. ವಿಚ್ಛೇದನವೋ ಬೇರೆ ವೈವಾಹಿಕ ಅರ್ಜಿಯೋ ನಡೆಯುತ್ತಿದ್ದರೆ, ಮಕ್ಕಳ ಪಾಲನೆ, ಪೋಷಣೆ, ಶಿಕ್ಷಣದ ಬಗ್ಗೆ ನ್ಯಾಯಸಮ್ಮತವೆಂದು ಕಂಡ ಯಾವುದೇ ಏರ್ಪಾಡನ್ನು ನ್ಯಾಯಾಲಯ ಮಾಡಬಹುದು. ತೀರ್ಪಿನ ನಂತರವೂ ಅರ್ಜಿ ಹಾಕಿ ಅದನ್ನು ಬದಲಾಯಿಸಿಕೊಳ್ಳಬಹುದು. ವಿಮೆಯ ಬೇಡಿಕೆಗೆ ಇದೇ ಸರಿಯಾದ ಜಾಗ. ಇದರ ಬೆನ್ನಿಗೆ 1956ರ ಹಿಂದೂ ದತ್ತಕ ಮತ್ತು ಜೀವನಾಂಶ ಕಾಯ್ದೆಯ 3(ಬಿ) ಕಲಂ ಇದೆ. ಆಹಾರ, ಬಟ್ಟೆ, ವಸತಿ, ಶಿಕ್ಷಣದ ಸಾಲಿನಲ್ಲೇ ವೈದ್ಯಕೀಯ ಆರೈಕೆ ಮತ್ತು ಚಿಕಿತ್ಸೆಯನ್ನೂ ಅದು ಹೆಸರಿಸಿ ಹೇಳುತ್ತದೆ.

ಇನ್ನು 2020ರ ನವೆಂಬರ್ 4ರಂದು ಸುಪ್ರೀಂ ಕೋರ್ಟ್ ಕೊಟ್ಟ ರಜನೀಶ್ ವಿರುದ್ಧ ನೇಹಾ ತೀರ್ಪು. ಇಬ್ಬರೂ ಆಸ್ತಿ, ಆದಾಯ, ಹೊಣೆಗಳ ಪ್ರಮಾಣಪತ್ರ (ಅಫಿಡವಿಟ್) ಸಲ್ಲಿಸಲೇಬೇಕು ಎಂದು ಅದು ಕಡ್ಡಾಯ ಮಾಡಿತು. ಮಗುವಿನ ವೈದ್ಯಕೀಯ ಖರ್ಚನ್ನು ಲೆಕ್ಕಕ್ಕೆ ಹಿಡಿಯಬೇಕು, ನಿರಂತರ ಆರೈಕೆ ಬೇಕಾದ ಅನಾರೋಗ್ಯ ಮಗುವಿಗಿದ್ದರೆ ಅದನ್ನೂ ಪರಿಗಣಿಸಬೇಕು ಎಂದೂ ಹೇಳಿತು. ನಿಮ್ಮ ಮಗಳ ವಿಷಯಕ್ಕೆ ನೇರವಾಗಿ ತಾಗುವ ಮಾತು ಇದು. ಈ ಪ್ರಮಾಣಪತ್ರದಲ್ಲಿ ಅವಲಂಬಿತರ ಕಾಯಿಲೆಯ ವಿವರ ಬರೆಯಲು ಜಾಗವಿದೆ. ಬಹಳಷ್ಟು ಮಂದಿ ಅಲ್ಲಿ ‘ಇದೆ’ ಎಂದಷ್ಟೇ ಬರೆದು ಬಿಡುತ್ತಾರೆ. ನನ್ನ ಹತ್ತಿರ ಬರುವ ಪ್ರತಿ ತಾಯಿಗೂ ನಾನು ಹೇಳುವುದು ಒಂದೇ: ಅಲ್ಲಿ ಕಾಯಿಲೆಯ ಹೆಸರು, ಔಷಧಿಯ ಹೆಸರು, ತಿಂಗಳ ಖರ್ಚು, ವೈದ್ಯರ ಚೀಟಿ ಎಲ್ಲವೂ ಇರಬೇಕು. ನ್ಯಾಯಾಧೀಶರು ಕಾಣದ ಖರ್ಚನ್ನು ಕೊಡಿಸಲಾರರು.

ಕುಶಾಲನಗರ, ಆಸ್ಪತ್ರೆಯ ವಿಮಾ ವಿಭಾಗ:

ನಾನು ಕುಶಾಲನಗರದವನು, ಮೈಸೂರಿನ ಒಂದು ಆಸ್ಪತ್ರೆಯ ವಿಮಾ ಕೌಂಟರಿನಲ್ಲಿ ಕೆಲಸ ಮಾಡುತ್ತೇನೆ. ಅಕ್ಕ, ನಿಮಗೆ ಆದದ್ದು ನಮ್ಮ ಕೌಂಟರಿನ ಮುಂದೆ ಮತ್ತೆ ಮತ್ತೆ ಆಗುತ್ತದೆ, ನೋಡಿ ಸಂಕಟವಾಗುತ್ತದೆ.

ಕಂಪನಿಯ ಗುಂಪು ವಿಮೆಯಲ್ಲಿ ಸದಸ್ಯರು ಉದ್ಯೋಗಿ. ಮಗು ಅವರ ಅವಲಂಬಿತ. ಮೊದಲು ಹಣ ಕಟ್ಟಿ ಆಮೇಲೆ ಮರುಪಾವತಿ ಕೇಳಿದರೆ, ಹಣ ಉದ್ಯೋಗಿಯ ಖಾತೆಗೇ ಹೋಗುತ್ತದೆ. ಬಿಲ್ ಕಟ್ಟಿದವರು ಅಜ್ಜನೋ ತಾಯಿಯೋ ಎಂದು ವಿಮಾ ಕಂಪನಿ ನೋಡುವುದಿಲ್ಲ. ಹಾಗಾಗಿ ಬೇರೆಯಾದ ತಾಯಿಗೆ ನಗದುರಹಿತ ಚಿಕಿತ್ಸೆಯೇ ಗಟ್ಟಿ, ಅಂದರೆ ವಿಮಾ ಕಂಪನಿಯೇ ನೇರವಾಗಿ ಆಸ್ಪತ್ರೆಗೆ ಹಣ ಕಟ್ಟುವುದು. ಅದಕ್ಕೆ ನಿಮ್ಮ ಕೈಯಲ್ಲಿ ಮಗುವಿನ ಹೆಸರಿರುವ ಇ-ಕಾರ್ಡ್, ಪಾಲಿಸಿ ಸಂಖ್ಯೆ, ಉದ್ಯೋಗಿ ಸಂಖ್ಯೆ, ಕ್ಲೇಮು ನೋಡಿಕೊಳ್ಳುವ ಸಂಸ್ಥೆಯ ದೂರವಾಣಿ, ಮಗುವಿನ ಆಧಾರ್ ಇರಬೇಕು. ಕೆಲವೊಮ್ಮೆ ಉದ್ಯೋಗಿಯ ಗುರುತಿನ ಚೀಟಿಯ ಪ್ರತಿಯನ್ನೂ ಕೇಳುತ್ತಾರೆ. ವಿಮಾ ನಿಯಂತ್ರಣ ಪ್ರಾಧಿಕಾರದ 2024ರ ಸುತ್ತೋಲೆಯ ಪ್ರಕಾರ ನಗದುರಹಿತ ಕೋರಿಕೆಗೆ ಒಂದು ಗಂಟೆಯೊಳಗೆ ಉತ್ತರ ಬರಬೇಕು, ಬಿಡುಗಡೆಯ ಅಂತಿಮ ಒಪ್ಪಿಗೆ ಮೂರು ಗಂಟೆಯೊಳಗೆ. ಆದರೆ ಸಂಖ್ಯೆಯೇ ಇಲ್ಲದಿದ್ದರೆ ನಾವು ಕೋರಿಕೆಯನ್ನೇ ಕಳುಹಿಸಲಾಗುವುದಿಲ್ಲ.

ಇನ್ನೊಂದು ಮಾತು. ಗುಂಪು ವಿಮೆಯಲ್ಲಿ ಸಾಮಾನ್ಯವಾಗಿ ಮೊದಲಿನಿಂದ ಇರುವ ಕಾಯಿಲೆಗೂ ಮೊದಲ ದಿನದಿಂದ ರಕ್ಷಣೆ ಸಿಗುತ್ತದೆ. ಟೈಪ್ 1 ಇರುವ ಮಗುವಿಗೆ ಹೊರಗೆ ಸ್ವಂತ ಪಾಲಿಸಿ ಸಿಗುವುದೇ ಕಷ್ಟ. ಸಿಕ್ಕರೂ ಮೊದಲಿನಿಂದ ಇರುವ ಕಾಯಿಲೆಗೆ ಮೂರು ವರ್ಷದವರೆಗೆ ಕಾಯಿಸಬಹುದು. ಆದ್ದರಿಂದ ತಂದೆಯ ಕಂಪನಿಯ ಪಾಲಿಸಿಯಲ್ಲಿ ಮಗಳ ಹೆಸರು ಉಳಿಯುವುದು ತಿಂಗಳ ಹಣ ಸ್ವಲ್ಪ ಹೆಚ್ಚಾಗುವುದಕ್ಕಿಂತ ದೊಡ್ಡ ವಿಷಯ. ಅವರು ಕೆಲಸ ಬಿಡುವಾಗ ಅದೇ ವಿಮಾ ಕಂಪನಿಯಲ್ಲಿ ಗುಂಪಿನಿಂದ ವೈಯಕ್ತಿಕ ಪಾಲಿಸಿಗೆ ಬದಲಾಯಿಸಿಕೊಳ್ಳುವ ಅವಕಾಶವೂ ಇರುತ್ತದೆ. ಅದಕ್ಕೆ ಹೊರಬೀಳುವ ಮೊದಲೇ ಕೇಳಬೇಕು.

ದೂರದಲ್ಲಿರುವ ಅಪ್ಪ:

ನಾನು ಇನ್ನೊಂದು ಕಡೆಯಿಂದ ಬರೆಯುತ್ತಿದ್ದೇನೆ. ನನ್ನ ಮಗ ಅವನ ತಾಯಿಯ ಜೊತೆ ಸೋಮವಾರಪೇಟೆ ಕಡೆ ಇದ್ದಾನೆ. ನಾನು ಹೊರ ರಾಜ್ಯದಲ್ಲಿ ದುಡಿಯುತ್ತೇನೆ. ವಿಮೆಯಲ್ಲಿ ಮಗನ ಹೆಸರಿದೆ, ಕಾರ್ಡನ್ನೂ ಕಳುಹಿಸಿದ್ದೇನೆ. ಆದರೆ ಮಗನಿಗೆ ಜ್ವರ ಬಂದದ್ದು, ಆಸ್ಪತ್ರೆಗೆ ಸೇರಿಸಿದ್ದು ನನಗೆ ಗೊತ್ತಾಗುವುದು ವಾರ ಕಳೆದ ಮೇಲೆ, ಅದೂ ಬಿಲ್ಲಿನ ಮೂಲಕ. ತಂದೆಗೆ ಬಿಲ್ ಮಾತ್ರ ಕಳುಹಿಸಿ ಮಗುವಿನ ಸ್ಥಿತಿ ಹೇಳದಿದ್ದರೆ ಮನಸ್ಸು ಮುರಿಯುತ್ತದೆ. ಯಾವ ಆಸ್ಪತ್ರೆ, ಯಾವ ವೈದ್ಯರು, ಶಸ್ತ್ರಚಿಕಿತ್ಸೆ ಬೇಕೇ ಬೇಡವೇ ಎಂಬುದರಲ್ಲಿ ತಂದೆಗೂ ಒಂದು ಮಾತು ಇರಬೇಕು. ಆದೇಶ ಬರೆಸಿಕೊಳ್ಳುವಾಗ ದಯವಿಟ್ಟು ಇದನ್ನೂ ನೆನಪಿಡಿ.

ಗೋಣಿಕೊಪ್ಪದ ತಾಯಿ:

ಅಣ್ಣ, ನಿಮ್ಮ ಮಾತನ್ನು ಒಪ್ಪುತ್ತೇನೆ. ಮಗಳ ಸಕ್ಕರೆಯ ಅಂಶದ ಪಟ್ಟಿಯನ್ನು ಅವಳ ತಂದೆಗೆ ಕಳುಹಿಸಲು ನನಗೆ ಯಾವ ಅಡ್ಡಿಯೂ ಇಲ್ಲ. ಅವಳಿಗೂ ಅದು ಇಷ್ಟ. ‘ಅಪ್ಪನಿಗೆ ಇವತ್ತಿನ ನಂಬರ್ ಹೇಳು’ ಎನ್ನುತ್ತಾಳೆ.

ಆದರೆ ಎಲ್ಲರೂ ಆಸ್ಪತ್ರೆಯ ಬಿಲ್ಲಿನ ಬಗ್ಗೆಯೇ ಹೇಳುತ್ತಿದ್ದೀರಿ. ನಮ್ಮ ಮನೆಯ ದೊಡ್ಡ ಖರ್ಚು ಅದಲ್ಲ. ಇನ್ಸುಲಿನ್, ಸೂಜಿ, ರಕ್ತ ಪರೀಕ್ಷೆಯ ಪಟ್ಟಿಗಳು, ಮೂರು ತಿಂಗಳಿಗೊಮ್ಮೆ ಸರಾಸರಿ ಸಕ್ಕರೆ ತೋರಿಸುವ ರಕ್ತ ಪರೀಕ್ಷೆ ಎಚ್‌ಬಿಎ1ಸಿ, ಮೈಸೂರಿನ ಮಕ್ಕಳ ಹಾರ್ಮೋನ್ ತಜ್ಞರ ಭೇಟಿ. ತೆರೆಯದ ಇನ್ಸುಲಿನ್ 2ರಿಂದ 8 ಡಿಗ್ರಿಯಲ್ಲಿರಬೇಕು. ಮಳೆಗಾಲದಲ್ಲಿ ನಮ್ಮ ಕಡೆ ಮರ ಬಿದ್ದು ಕರೆಂಟ್ ಹೋದರೆ ಯಾವಾಗ ಬರುತ್ತದೆ ಎಂದು ಹೇಳುವವರಿಲ್ಲ. ಫ್ರಿಜ್ಜಿಗಾಗಿಯೇ ಇನ್ವರ್ಟರ್ ಹಾಕಿಸಿದೆವು. ಇದ್ಯಾವುದಕ್ಕೂ ವಿಮೆ ಬರುವುದಿಲ್ಲ. ಬಾಡಿಗೆ ಕಾರಿಗೂ ಬರುವುದಿಲ್ಲ.

ಮಡಿಕೇರಿಯ ವಕೀಲೆ:

ನೀವೇ ವಿಷಯದ ಬೇರನ್ನು ಹಿಡಿದಿದ್ದೀರಿ. ಮಗುವಿನ ಆರೋಗ್ಯದ ಖರ್ಚು ಮೂರು ತೆರನಾಗಿ ಬರುತ್ತದೆ, ಆದೇಶ ಅವುಗಳನ್ನು ಬೇರೆಬೇರೆಯಾಗಿ ಹೇಳಬೇಕು. ವಿಮೆ ಯಾರ ಹೆಸರಿನಲ್ಲಿ, ಅದರ ಕಂತು ಯಾರದು ಎಂಬುದು ಒಂದು. ತಿಂಗಳು ತಿಂಗಳು ತಪ್ಪದ ಔಷಧಿ, ಪರೀಕ್ಷೆ, ಪ್ರಯಾಣ ಇನ್ನೊಂದು. ದಿಢೀರನೆ ಬರುವ, ವಿಮೆ ತುಂಬಿಕೊಡದ ದೊಡ್ಡ ಖರ್ಚು ಮತ್ತೊಂದು. ಮೂರನ್ನೂ ಒಂದೇ ಮೊತ್ತದಲ್ಲಿ ಮುಳುಗಿಸಿದರೆ ಮೊದಲ ಕಷ್ಟದ ದಿನವೇ ಜಗಳ ಶುರುವಾಗುತ್ತದೆ, ನಿಮ್ಮ ಮನೆಯಲ್ಲಿ ಆದಂತೆ.

ಪ್ರಯಾಣವನ್ನು ಬಿಡಬೇಡಿ. ಬೆಂಗಳೂರಿನಲ್ಲಿ ಕುಳಿತವರಿಗೆ ಮಕ್ಕಳ ತಜ್ಞರು ಎಂದರೆ ಆಟೋ ದೂರ. ನಮಗೆ ಮಡಿಕೇರಿಯಿಂದ ಮೈಸೂರು ಸುಮಾರು 120 ಕಿ.ಮೀ., ಮಂಗಳೂರು ಅದಕ್ಕಿಂತ ದೂರ. 2018ರ ಆಗಸ್ಟಿನಲ್ಲಿ ಗುಡ್ಡ ಜರಿದಾಗ ಸಂಪಾಜೆ ರಸ್ತೆಯೇ ಕಡಿದುಹೋಗಿ ಮಂಗಳೂರಿನ ಕಡೆಗೆ ದಾರಿಯಿಲ್ಲದಂತಾದದ್ದು ನೆನಪಿರಬಹುದು. ಮಡಿಕೇರಿಯಲ್ಲಿ 2016ರಿಂದ ವೈದ್ಯಕೀಯ ಕಾಲೇಜು ಇದ್ದರೂ, ವಿಶೇಷ ಚಿಕಿತ್ಸೆಗೆ ಮಕ್ಕಳನ್ನು ಹೊರ ಜಿಲ್ಲೆಗೆ ಒಯ್ಯುವುದು ಇನ್ನೂ ತಪ್ಪಿಲ್ಲ. ತುರ್ತು ಚಿಕಿತ್ಸೆಯ ಆಸ್ಪತ್ರೆ ಬೇಕೆಂದು 2019ರಲ್ಲಿ ಇಡೀ ಕೊಡಗು ಸಾಮಾಜಿಕ ಜಾಲತಾಣದಲ್ಲಿ ದನಿ ಎತ್ತಿತ್ತಲ್ಲವೇ? ಆ ಕೊರತೆಯ ಬೆಲೆಯನ್ನು ಮಗು ಯಾರ ಹತ್ತಿರ ಇದೆಯೋ ಆ ತಾಯಿ ಒಬ್ಬಳೇ ತೆರಬಾರದು.

ಟೆಕ್ಸಾಸ್‌ನಲ್ಲಿರುವ ವಿರಾಜಪೇಟೆಯವನು:

ನಾನಿರುವ ದೇಶದಲ್ಲಿ ಇದು ಹೇಗೆ ನಡೆಯುತ್ತದೆ ಎಂದು ಹೇಳುತ್ತೇನೆ. ನಮ್ಮ ಊರಿನ ಹೆಣ್ಣುಮಗಳೊಬ್ಬಳಿಗೆ ಇಲ್ಲಿ ಈ ವಿಷಯದಲ್ಲಿ ನೆರವಾಗಬೇಕಾಗಿ ಬಂದಾಗ ಕಲಿತದ್ದು.

ಅಮೆರಿಕದಲ್ಲಿ ಸರ್ಕಾರಿ ಸಂಸ್ಥೆಯ ಮೂಲಕ ಬರುವ ಮಕ್ಕಳ ಜೀವನಾಂಶದ ಆದೇಶದಲ್ಲಿ ‘ವೈದ್ಯಕೀಯ ಬೆಂಬಲ’ ಕಡ್ಡಾಯವಾಗಿ ಇರಬೇಕು. 1993ರ ಕಾನೂನು ಒಂದು ವಿಶೇಷ ಆದೇಶವನ್ನು ತಂದಿತು. ನಿಯಮದಂತೆ ಬರೆದ ಆ ಆದೇಶ ಬಂದರೆ ಕಂಪನಿಯ ಆರೋಗ್ಯ ಯೋಜನೆ ಉದ್ಯೋಗಿಯ ಮಗುವನ್ನು ಸೇರಿಸಿಕೊಳ್ಳಲೇಬೇಕು. ಮಗು ಮದುವೆಯಾಚೆ ಹುಟ್ಟಿದ್ದು, ಉದ್ಯೋಗಿಯ ಜೊತೆ ವಾಸವಿಲ್ಲ, ಅವರ ತೆರಿಗೆ ಪತ್ರದಲ್ಲಿ ಅವಲಂಬಿತ ಎಂದು ತೋರಿಸಿಲ್ಲ ಎಂಬ ಯಾವ ಕಾರಣಕ್ಕೂ ನಿರಾಕರಿಸುವಂತಿಲ್ಲ. ಸೇರ್ಪಡೆಯ ಋತು ಮುಗಿದಿದೆ ಎಂದೂ ಹೇಳುವಂತಿಲ್ಲ.

ಇದಕ್ಕೆ ನ್ಯಾಷನಲ್ ಮೆಡಿಕಲ್ ಸಪೋರ್ಟ್ ನೋಟಿಸ್ ಎಂಬ ಒಂದೇ ಮಾದರಿಯ ನಮೂನೆ ಇದೆ. ಸಂಸ್ಥೆ ಅದನ್ನು ನೇರವಾಗಿ ಉದ್ಯೋಗದಾತರಿಗೆ ಕಳುಹಿಸುತ್ತದೆ. ಅವರು ಕೆಲಸದ 20 ದಿನಗಳೊಳಗೆ ಅದನ್ನು ವಿಮಾ ಯೋಜನೆಯವರಿಗೆ ಮುಟ್ಟಿಸಬೇಕು, ಉದ್ಯೋಗಿಯ ಪಾಲಿನ ಕಂತನ್ನು ಸಂಬಳದಲ್ಲಿ ಹಿಡಿಯಬೇಕು. ತಂದೆ ಮನಸ್ಸು ಮಾಡಿ ಅರ್ಜಿ ತುಂಬಲಿ ಎಂದು ಯಾರೂ ಕಾಯುವುದಿಲ್ಲ.

ಅಕ್ಕ, ನಿಮ್ಮ ಕಥೆ ಓದುವಾಗ ನನಗೆ ನೆನಪಾದದ್ದು ಅದೇ ಕಾನೂನಿನ ಇನ್ನೊಂದು ಸಾಲು. ಪಾಲನೆ ಮಾಡುವ ತಾಯಿ ಬಿಲ್ ಕಟ್ಟಿದ್ದರೆ ಮರುಪಾವತಿ ಅವಳಿಗೇ ಅಥವಾ ಮಗುವಿಗೇ ಹೋಗಬೇಕು, ಉದ್ಯೋಗಿಗೆ ಅಲ್ಲ. ವಿಮೆ ತುಂಬಿಕೊಡದ ಖರ್ಚನ್ನು ಸಾಮಾನ್ಯವಾಗಿ ಇಬ್ಬರ ಆದಾಯದ ಪ್ರಮಾಣದಲ್ಲಿ ಹಂಚುತ್ತಾರೆ. ಕಂತು ಎಷ್ಟಿದ್ದರೆ ನ್ಯಾಯ ಎಂಬುದಕ್ಕೆ ಕೇಂದ್ರದ ನಿಯಮ ಒಟ್ಟು ಆದಾಯದ ಶೇ. 5 ಎಂಬ ಅಳತೆ ಇಟ್ಟಿದೆ, ರಾಜ್ಯಗಳು ತಮ್ಮದೇ ಅಳತೆ ಮಾಡಿಕೊಳ್ಳಬಹುದು. ಟೆಕ್ಸಾಸ್‌ನಲ್ಲಿ 2018ರಿಂದ ಹಲ್ಲಿನ ಚಿಕಿತ್ಸೆಯ ವಿಮೆಯೂ ಆದೇಶದಲ್ಲಿರಬೇಕು.

ಇಲ್ಲಿ ಎಲ್ಲವೂ ಚೆನ್ನಾಗಿದೆ ಎಂದಲ್ಲ. ವಿಮೆಯಿಲ್ಲದ ತಂದೆಯ ಮಗುವಿಗೆ ಈ ನೋಟಿಸಿನಿಂದ ಏನೂ ಸಿಗದು. ಆದರೆ ಆದೇಶದ ಮಾತುಗಳನ್ನು ಎರವಲು ಪಡೆಯಬಹುದು.

ಮಡಿಕೇರಿಯ ವಕೀಲೆ:

ಅಣ್ಣ, ತುಂಬ ಉಪಯೋಗದ ಮಾಹಿತಿ. ನಮ್ಮಲ್ಲಿ ಉದ್ಯೋಗದಾತರಿಗೆ ವಿಮೆಯ ನೋಟಿಸ್ ಕಳುಹಿಸುವ ವ್ಯವಸ್ಥೆ ಇಲ್ಲ. ಅದಕ್ಕೆ ಹತ್ತಿರದ್ದು ಒಂದಿದೆ: ಕೌಟುಂಬಿಕ ಹಿಂಸಾಚಾರದಿಂದ ಮಹಿಳೆಯರ ರಕ್ಷಣಾ ಕಾಯ್ದೆ, 2005ರ 20ನೇ ಕಲಂ. ಹಿಂಸೆಗೆ ಒಳಗಾದ ಮಹಿಳೆಗೂ ಅವಳ ಮಕ್ಕಳಿಗೂ ವೈದ್ಯಕೀಯ ವೆಚ್ಚ ಮತ್ತು ಜೀವನಾಂಶ ಕೊಡಿಸಬಹುದು. ಎದುರುದಾರ ಹಣ ಕೊಡದಿದ್ದರೆ ಸಂಬಳದ ಒಂದು ಪಾಲನ್ನು ನೇರವಾಗಿ ಆಕೆಗೆ ಕೊಡುವಂತೆ ಮ್ಯಾಜಿಸ್ಟ್ರೇಟರು ಉದ್ಯೋಗದಾತರಿಗೇ ಆದೇಶಿಸಬಹುದು. ಹಿಂಸೆಯ ಪ್ರಕರಣ ಇದ್ದವರಿಗೆ ಇದು ಬಲವಾದ ಅಸ್ತ್ರ. ನಮ್ಮ ರಾಜ್ಯದಲ್ಲಿ ಶಿಶು ಅಭಿವೃದ್ಧಿ ಯೋಜನಾಧಿಕಾರಿಗಳೇ ರಕ್ಷಣಾಧಿಕಾರಿಗಳು, ತಾಲ್ಲೂಕಿನಲ್ಲೇ ಅರ್ಜಿ ಕೊಡಬಹುದು.

ಖರ್ಚನ್ನು ಆದಾಯದ ಪ್ರಮಾಣದಲ್ಲಿ ಹಂಚುವುದಕ್ಕೂ ನಮ್ಮಲ್ಲಿ ಆಧಾರವಿದೆ. 2000ನೇ ಇಸವಿಯ ಪದ್ಮಜಾ ಶರ್ಮಾ ಪ್ರಕರಣದಲ್ಲಿ ತಂದೆ ತಾಯಿ ಇಬ್ಬರೂ ದುಡಿಯುತ್ತಿದ್ದರು. ಮಕ್ಕಳ ಖರ್ಚನ್ನು ತಂದೆ ಎರಡು ಪಾಲು, ತಾಯಿ ಒಂದು ಪಾಲು ಹೊರಬೇಕೆಂದು ಸುಪ್ರೀಂ ಕೋರ್ಟ್ ಹೇಳಿತು. ತಂಗಿ, ನಿಮಗೂ ಸಂಬಳ ಇರುವುದರಿಂದ ‘ಎಲ್ಲವನ್ನೂ ಅವರೇ ಕೊಡಲಿ’ ಎನ್ನುವ ಬದಲು ಪ್ರಮಾಣವನ್ನು ಕೇಳಿದರೆ ನಿಮ್ಮ ಮಾತಿಗೆ ತೂಕ ಹೆಚ್ಚು.

ಶನಿವಾರಸಂತೆಯ ಬೆಳೆಗಾರ:

ಸಂಬಳದವರ ಮಾತಾಯಿತು. ತೋಟದವರ ಪಾಡೇನು? ನನ್ನ ತಂಗಿಯ ಗಂಡ ದಕ್ಷಿಣ ಕೊಡಗಿನವರು. ‘ನನ್ನ ಹೆಸರಿನಲ್ಲಿ ಏನೂ ಇಲ್ಲ, ಜಮ್ಮಾ ಜಾಗ ಒಕ್ಕದ್ದು’ ಎಂದು ನ್ಯಾಯಾಲಯದಲ್ಲಿ ಹೇಳಿದರು, ಅಂದರೆ ತಲೆಮಾರುಗಳಿಂದ ಬಂದ ಜಮೀನು ಇಡೀ ಮನೆತನದ್ದು ಎಂದು. ಅವರಿಗೆ ಗುಂಪು ವಿಮೆಯೂ ಇಲ್ಲ, ಸಂಬಳದ ಚೀಟಿಯೂ ಇಲ್ಲ. ತಂಗಿಯ ಮಗನಿಗೆ ಉಬ್ಬಸ, ಇನ್ಹೇಲರ್ ಇಲ್ಲದೆ ಮಲಗುವಂತಿಲ್ಲ. ಬೆಳೆಗಾರನಾಗಿ ನಾನೂ ಒಂದು ಮಾತು ಹೇಳಬೇಕು: ನಮಗೆ ಹಣ ಬರುವುದು ಕುಯ್ಲಿನ ಮೇಲೆ. ಅರೇಬಿಕಾ, ರೊಬಸ್ಟಾ ಮುಗಿದು ಕಾಫಿ ಮಾರುವವರೆಗೆ ಕೈಯಲ್ಲಿ ಕಾಸಿರುವುದಿಲ್ಲ. ಪ್ರತಿ ತಿಂಗಳು ಕೊಡಿ ಎಂದರೆ ಪ್ರಾಮಾಣಿಕ ಬೆಳೆಗಾರನಿಗೂ ಕಷ್ಟ.

ಮಡಿಕೇರಿಯ ವಕೀಲೆ:

ರಜನೀಶ್ ತೀರ್ಪಿನಲ್ಲಿ ಪ್ರಮಾಣಪತ್ರದ ನಮೂನೆಗಳು ಬೇರೆಬೇರೆ ಇವೆ. ಎರಡನೆಯದು ಕೃಷಿಕರಿಗಾಗಿಯೇ. ಜಮೀನು, ಬೆಳೆ, ಸಾಲ, ಜಾನುವಾರುಗಳವರೆಗೆ ವಿವರ ಕೊಡಬೇಕು. ನಿಮ್ಮ ಭಾವನವರು ಆ ನಮೂನೆ ತುಂಬಿದ್ದಾರೆಯೇ ವಿಚಾರಿಸಿ.

ಜಮ್ಮಾ ಜಾಗದ ದಾಖಲೆಯಲ್ಲಿ ಪಟ್ಟೇದಾರರ, ಅಂದರೆ ಮನೆತನದ ಹಿರಿಯರ, ಹೆಸರು ಮುಂದೆ ಇರುತ್ತದೆ, ಪಾಲುದಾರರು ಹಲವರು. ಹೆಸರು ಮುಂದೆ ಇಲ್ಲ ಎಂದ ಮಾತ್ರಕ್ಕೆ ಆದಾಯವಿಲ್ಲ ಎಂದಾಗುವುದಿಲ್ಲ. ಕೃಷಿ ಆದಾಯಕ್ಕೆ ತೆರಿಗೆ ರಿಟರ್ನ್ ಸಿಗದಿರಬಹುದು, ಆದರೆ ಕಾಫಿ ಕೊಂಡ ವ್ಯಾಪಾರಿಯ ಅಥವಾ ಕಾಫಿ ಹದಮಾಡುವ ಕ್ಯೂರಿಂಗ್ ವರ್ಕ್ಸಿನ ರಸೀದಿ, ಕರಿಮೆಣಸು ಮಾರಿದ ಲೆಕ್ಕ, ಸಹಕಾರ ಸಂಘದ ಬೆಳೆ ಸಾಲದ ಕಡತ, ಬ್ಯಾಂಕ್ ಖಾತೆ, ತೋಟದ ರೈಟರು ಬರೆಯುವ ಕೂಲಿ ಪುಸ್ತಕ ಇವೆಲ್ಲ ಮಾತನಾಡುತ್ತವೆ. ಬೆಳೆ ಸಾಲಕ್ಕೆ ಅರ್ಜಿ ಹಾಕುವಾಗ ಯಾರೂ ತಮ್ಮ ತೋಟವನ್ನು ಕಡಿಮೆ ಮಾಡಿ ಹೇಳುವುದಿಲ್ಲ, ಆ ಕಡತವನ್ನು ತರಿಸಿ.

ಕುಯ್ಲಿನ ಮಾತು ನಿಜ. ಒಪ್ಪಂದವಾಗುವುದಾದರೆ ತಿಂಗಳಿಗೆ ಔಷಧಿಯಷ್ಟಕ್ಕೆ ಸಾಲುವ ಮೊತ್ತ, ಉಳಿದ ವರ್ಷದ ಖರ್ಚು ಮತ್ತು ವಿಮೆಯ ಕಂತು ಏಪ್ರಿಲ್‌ನಲ್ಲಿ ಒಟ್ಟಿಗೆ ಎಂದು ಮಧ್ಯಸ್ಥಿಕೆಯಲ್ಲಿ ಬರೆಸಿಕೊಳ್ಳಬಹುದು. ಇನ್ಹೇಲರ್ ಮಾತ್ರ ಕುಯ್ಲಿಗೆ ಕಾಯುವುದಿಲ್ಲ. 2025ರ ಸೆಪ್ಟೆಂಬರ್ 22ರಿಂದ ವೈಯಕ್ತಿಕ ಮತ್ತು ಕುಟುಂಬದ ಆರೋಗ್ಯ ವಿಮೆಯ ಕಂತಿನ ಮೇಲೆ ಜಿಎಸ್‌ಟಿ ತೆಗೆದಿದ್ದಾರೆ, ಹಾಗಾಗಿ ಮಗುವಿಗೆ ಬೇರೆ ಪಾಲಿಸಿ ಮಾಡಿಸುವ ಹೊರೆ ಸ್ವಲ್ಪ ತಗ್ಗಿದೆ. ನಿಮ್ಮ ತಂಗಿ ಸಹಕಾರ ಸಂಘದ ಸದಸ್ಯೆಯಾದರೆ ಯಶಸ್ವಿನಿಗೆ ಮಗನ ಹೆಸರು ಸೇರಿಸಲಿ. ಗ್ರಾಮೀಣ ಭಾಗದಲ್ಲಿ ನಾಲ್ವರ ಕುಟುಂಬಕ್ಕೆ 500 ರೂಪಾಯಿಯಲ್ಲಿ 5 ಲಕ್ಷದವರೆಗಿನ ರಕ್ಷಣೆ ಇರುವ ಯೋಜನೆ ಅದು.

ನಿವೃತ್ತ ಸುಬೇದಾರ್:

ನಮ್ಮ ಜಿಲ್ಲೆಯಲ್ಲಿ ಸೇನೆಯವರು ಇಲ್ಲದ ಮನೆ ಹುಡುಕುವುದು ಕಷ್ಟ, ಆದರೂ ಈ ವಿಷಯ ಎಷ್ಟೋ ಹೆಣ್ಣುಮಕ್ಕಳಿಗೆ ಗೊತ್ತಿಲ್ಲ. 1950ರ ಸೇನಾ ಕಾಯ್ದೆಯ 90 ಮತ್ತು 91ನೇ ಕಲಮುಗಳಲ್ಲಿ, ಸೈನಿಕನ ಹೆಂಡತಿ ಮತ್ತು ಮಕ್ಕಳ ಜೀವನಾಂಶಕ್ಕೆ ಸಂಬಳದಿಂದ ನೇರ ಕಡಿತ ಮಾಡುವ ಅಧಿಕಾರವಿದೆ. ಘಟಕದ ಕಮಾಂಡಿಂಗ್ ಅಧಿಕಾರಿಗೆ ಅರ್ಜಿ ಬರೆಯಬೇಕು. ಮಡಿಕೇರಿಯ ಸೈನಿಕ ಕಲ್ಯಾಣ ಕಚೇರಿಯಲ್ಲಿ ಅರ್ಜಿ ಬರೆಯಲು ನೆರವು ಕೇಳಿ.

ನಿವೃತ್ತರ ಮಕ್ಕಳಿಗೆ 2003ರಲ್ಲಿ ಶುರುವಾದ ಮಾಜಿ ಸೈನಿಕರ ಆರೋಗ್ಯ ಯೋಜನೆ ಇಸಿಎಚ್‌ಎಸ್ ಇದೆ. ವಿಚ್ಛೇದನವಾದರೆ ಪತ್ನಿಯ ಕಾರ್ಡ್ ಹೋಗುತ್ತದೆ, ಮಗುವಿನದು ಹೋಗುವುದಿಲ್ಲ. ಮಗನಿಗೆ 25 ವರ್ಷದವರೆಗೆ ಅಥವಾ ದುಡಿಯಲು ಆರಂಭಿಸುವವರೆಗೆ, ಮಗಳಿಗೆ ಮದುವೆ ಅಥವಾ ದುಡಿಮೆಯವರೆಗೆ. ಮಗುವಿನ ಕಾರ್ಡನ್ನು ತಂದೆ ಪೆಟ್ಟಿಗೆಯಲ್ಲಿಟ್ಟು ಬೀಗ ಹಾಕಿಕೊಂಡರೆ ಅದು ಮಗುವಿಗೆ ಮಾಡುವ ಅನ್ಯಾಯ. ಸಮವಸ್ತ್ರ ತೊಟ್ಟವನಿಗೆ ಅದು ಒಪ್ಪುವ ನಡತೆಯಲ್ಲ. ಕಾರ್ಡ್ ತಾಯಿಯ ಕೈಯಲ್ಲಿರಬೇಕೆಂದು ಆದೇಶದಲ್ಲೇ ಬರೆಸಿ.

ಪಾಲಿಬೆಟ್ಟದ ಆಶಾ ಕಾರ್ಯಕರ್ತೆ:

ಲೈನ್‌ಮನೆಗಳಲ್ಲಿರುವ ತೋಟದ ಕಾರ್ಮಿಕ ತಾಯಂದಿರ ಬಗ್ಗೆ ಯಾರೂ ಬರೆಯಲಿಲ್ಲ, ಅದಕ್ಕೇ ಬರೆಯುತ್ತಿದ್ದೇನೆ. ಅವರಿಗೆ ವಿಮೆ ಎಂದರೆ ಆಯುಷ್ಮಾನ್ ಭಾರತ್ ಆರೋಗ್ಯ ಕರ್ನಾಟಕ. ಬಿಪಿಎಲ್ ಕುಟುಂಬಕ್ಕೆ ವರ್ಷಕ್ಕೆ 5 ಲಕ್ಷದವರೆಗೆ, ಎಪಿಎಲ್ ಕುಟುಂಬಕ್ಕೆ ಪ್ಯಾಕೇಜ್ ದರದ ಶೇ. 30ರಷ್ಟು, 1.5 ಲಕ್ಷದ ಮಿತಿಯಲ್ಲಿ. ಇದೆಲ್ಲ ಪಡಿತರ ಚೀಟಿಯ ಮೇಲೆ ನಿಂತಿದೆ. ಗಂಡ ಬಿಟ್ಟುಹೋದಾಗ ಚೀಟಿ ಅವನ ಹತ್ತಿರವೋ ಅತ್ತೆಯ ಹತ್ತಿರವೋ ಉಳಿಯುತ್ತದೆ, ಮಗುವಿನ ಹೆಸರು ಅದರಲ್ಲೇ ಇರುತ್ತದೆ. ತಾಯಿ ಬೇರೆ ತೋಟಕ್ಕೆ ಕೆಲಸಕ್ಕೆ ಹೋಗಿರುತ್ತಾಳೆ. ನಾನು ಮೊದಲು ಮಾಡಿಸುವುದು ಮಗುವಿನ ಹೆಸರನ್ನು ತಾಯಿಯ ಚೀಟಿಗೆ ತರಿಸುವ ಕೆಲಸ. ತುರ್ತು ಇಲ್ಲದಿದ್ದರೆ ಸರ್ಕಾರಿ ಆಸ್ಪತ್ರೆಯ ಶಿಫಾರಸು ಪತ್ರ ಬೇಕು, ಅದನ್ನೂ ಹೇಳಿಕೊಡುತ್ತೇನೆ. ಹುಟ್ಟಿನಿಂದ ಹೃದಯದ ತೊಂದರೆ, ಸೀಳು ತುಟಿ ಇರುವ ಮಕ್ಕಳಿಗೆ ರಾಷ್ಟ್ರೀಯ ಬಾಲ ಸ್ವಾಸ್ಥ್ಯ ಕಾರ್ಯಕ್ರಮದಲ್ಲಿ 18 ವರ್ಷದವರೆಗೆ ತಪಾಸಣೆ, ಚಿಕಿತ್ಸೆ ಉಚಿತ. ಅಂಗನವಾಡಿಗೆ ಬರುವ ತಂಡಕ್ಕೆ ಮಗುವನ್ನು ತೋರಿಸಿ.

ವಕೀಲೆ ಅಮ್ಮನವರಲ್ಲಿ ಒಂದು ಪ್ರಶ್ನೆ. ಯರವ, ಜೇನುಕುರುಬ ಬುಡಕಟ್ಟಿನ ಹೆಣ್ಣುಮಕ್ಕಳಿಗೆ ಮದುವೆಯ ಕಾಗದ ಇರುವುದಿಲ್ಲ. ಅವರ ಮಕ್ಕಳಿಗೆ ಈ ಕಾನೂನುಗಳು ಸಿಗುತ್ತವೆಯೇ?

ಮಡಿಕೇರಿಯ ವಕೀಲೆ:

ಸಿಗುತ್ತವೆ, ಆದರೆ ಬೇರೆ ಬಾಗಿಲಿನಿಂದ. ಹಿಂದೂ ವಿವಾಹ ಕಾಯ್ದೆ ಮತ್ತು 1956ರ ಜೀವನಾಂಶ ಕಾಯ್ದೆ, ಕೇಂದ್ರ ಸರ್ಕಾರ ಅಧಿಸೂಚನೆ ಹೊರಡಿಸದ ಹೊರತು ಪರಿಶಿಷ್ಟ ಪಂಗಡದವರಿಗೆ ಅನ್ವಯಿಸುವುದಿಲ್ಲ. ಅವರಿಗೆ ಸುರಕ್ಷಾ ಸಂಹಿತೆಯ 144ನೇ ಕಲಂ ಇದೆ. ಅದು ಜಾತಿ, ಧರ್ಮ ಕೇಳುವುದಿಲ್ಲ. ಮದುವೆಯಾಚೆ ಹುಟ್ಟಿದ ಮಗುವಿಗೂ ತಂದೆ ಜೀವನಾಂಶ ಕೊಡಬೇಕೆಂದು ಅದರಲ್ಲೇ ಬರೆದಿದೆ. ಮಗುವಿಗೆ ಬೇಕಾದದ್ದು ತಂದೆ ಯಾರೆಂಬ ಪುರಾವೆ, ತಾಯಿಯ ಮದುವೆಯ ಕಾಗದ ಅಲ್ಲ. ಜನನ ಪ್ರಮಾಣಪತ್ರ, ತಾಯಿ ಕಾರ್ಡ್, ಶಾಲೆಯ ದಾಖಲೆ ಜೋಪಾನವಾಗಿಡಲು ಹೇಳಿ. ತಾಯಿ ಇರುವ ಊರಿನ ನ್ಯಾಯಾಲಯದಲ್ಲೇ ಅರ್ಜಿ ಹಾಕಬಹುದು. ಮಧ್ಯಂತರ ಜೀವನಾಂಶದ ಅರ್ಜಿಯನ್ನು, ಸಾಧ್ಯವಾದ ಮಟ್ಟಿಗೆ, ನೋಟಿಸ್ ತಲುಪಿದ 60 ದಿನಗಳೊಳಗೆ ತೀರ್ಮಾನಿಸಬೇಕು. ಹೆಂಗಸರಿಗೂ ಮಕ್ಕಳಿಗೂ ಆದಾಯ ಎಷ್ಟೇ ಇರಲಿ ಉಚಿತ ಕಾನೂನು ನೆರವು ಅವರ ಹಕ್ಕು. ದೂರವಾಣಿ 15100.

ಗೋಣಿಕೊಪ್ಪದ ತಾಯಿ:

ಎಲ್ಲರ ಮಾತನ್ನೂ ಓದಿ, ಅರ್ಜಿಯಲ್ಲಿ ಕೇಳಬೇಕಾದದ್ದನ್ನು ಬರೆದುಕೊಂಡಿದ್ದೇನೆ. ತಿದ್ದಿಕೊಡಿ.

‘ಎದುರುದಾರರು ತಾವು ಉದ್ಯೋಗದಲ್ಲಿರುವವರೆಗೆ ಮಗುವಿನ ಹೆಸರನ್ನು ತಮ್ಮ ಆರೋಗ್ಯ ವಿಮೆಯಲ್ಲಿ ಉಳಿಸಬೇಕು. ಉದ್ಯೋಗ ಬದಲಾದರೆ ಹೊಸ ಪಾಲಿಸಿಗೆ ಸೇರಿಸಬೇಕು, ಸಾಧ್ಯವಾಗದಿದ್ದರೆ ಹಳೆಯದು ಮುಗಿಯುವ ಮೊದಲೇ ಅರ್ಜಿದಾರಳಿಗೆ ಲಿಖಿತವಾಗಿ ತಿಳಿಸಿ ಬದಲಿ ಪಾಲಿಸಿ ಮಾಡಿಸಬೇಕು. ಇ-ಕಾರ್ಡ್ ಮತ್ತು ಪಾಲಿಸಿಯ ಪ್ರತಿಯನ್ನು ಪ್ರತಿ ವರ್ಷ ಕೊಡಬೇಕು. ಅರ್ಜಿದಾರಳು ಕಟ್ಟಿದ ಬಿಲ್ಲಿಗೆ ಬಂದ ಮರುಪಾವತಿಯನ್ನು ಏಳು ದಿನದೊಳಗೆ ಅವಳ ಖಾತೆಗೆ ಹಾಕಬೇಕು. ವಿಮೆಗೆ ಬಾರದ ಖರ್ಚನ್ನು ಇಬ್ಬರ ಆದಾಯದ ಪ್ರಮಾಣದಲ್ಲಿ ಹಂಚಿಕೊಳ್ಳಬೇಕು. ಮಗುವನ್ನು ಆಸ್ಪತ್ರೆಗೆ ಸೇರಿಸಿದ ದಿನವೇ ಅರ್ಜಿದಾರಳು ಎದುರುದಾರರಿಗೆ ತಿಳಿಸಬೇಕು.’

ಕೊನೆಯ ಸಾಲು ದೂರದಲ್ಲಿರುವ ಅಪ್ಪನವರ ಮಾತಿನಿಂದ ಬಂದದ್ದು.

ಮಡಿಕೇರಿಯ ವಕೀಲೆ:

ಚೆನ್ನಾಗಿದೆ. ಎರಡು ಸೇರಿಸಿ. ತಿಂಗಳ ಔಷಧಿಯ ಮೊತ್ತವನ್ನು ಬೇರೆ ಸಾಲಿನಲ್ಲಿ ಕೇಳಿ, ವೈದ್ಯರ ಚೀಟಿ ಮತ್ತು ಆರು ತಿಂಗಳ ರಸೀದಿ ಲಗತ್ತಿಸಿ. ಮತ್ತೆ, ತುರ್ತು ಚಿಕಿತ್ಸೆಗೆ ಯಾರ ಪೂರ್ವಾನುಮತಿಯೂ ಬೇಡ, ಮುಂದೂಡಬಹುದಾದ ಶಸ್ತ್ರಚಿಕಿತ್ಸೆಗೆ ಮಾತ್ರ ಇಬ್ಬರೂ ಮಾತನಾಡಿಕೊಳ್ಳಬೇಕು ಎಂದು ಸ್ಪಷ್ಟ ಮಾಡಿ. ನಿಮ್ಮ ಹಳೆಯ ಆದೇಶದ ಮೊತ್ತ ಹೆಚ್ಚಿಸಲು ಸುರಕ್ಷಾ ಸಂಹಿತೆಯ 146ನೇ ಕಲಮಿನಡಿ ಅರ್ಜಿ, ವಿಮೆಗೆ ಹಿಂದೂ ವಿವಾಹ ಕಾಯ್ದೆಯ 26ನೇ ಕಲಮಿನಡಿ ಅರ್ಜಿ. ಬಾಕಿ ಬಿದ್ದರೆ ಒಂದು ವರ್ಷದೊಳಗೆ ವಸೂಲಿಗೆ ಹಾಕಿ, 144(3)ರ ವಾರಂಟಿಗೆ ಆ ಗಡುವು ಇದೆ.

ನಾಪೋಕ್ಲಿನ ಅಜ್ಜಿ:

ಮೊಮ್ಮಗಳು ಬರೆದುಕೊಡುತ್ತಿದ್ದಾಳೆ. ನನ್ನ ದೊಡ್ಡ ಮೊಮ್ಮಗನಿಗೆ ಸೆರೆಬ್ರಲ್ ಪಾಲ್ಸಿ, ನಡೆಯಲಾಗುವುದಿಲ್ಲ. ಬರುವ ವರ್ಷ ಅವನಿಗೆ 18 ತುಂಬುತ್ತದೆ. ಅವನ ತಂದೆ ‘ಅಲ್ಲಿಗೆ ನನ್ನ ಹೊಣೆ ಮುಗಿಯಿತು’ ಎಂದಿದ್ದಾನೆ. ಹಾಗೆ ಮುಗಿಯುತ್ತದೆಯೇ ಮಗಳೇ?

ಮಡಿಕೇರಿಯ ವಕೀಲೆ:

ಮುಗಿಯುವುದಿಲ್ಲ ಅಜ್ಜಿ. ದೇಹದ ಅಥವಾ ಮನಸ್ಸಿನ ಊನದಿಂದ ತನ್ನನ್ನು ತಾನು ಸಾಕಿಕೊಳ್ಳಲಾಗದ ಮಗುವಿಗೆ 18 ದಾಟಿದ ಮೇಲೂ ತಂದೆ ಜೀವನಾಂಶ ಕೊಡಬೇಕು. 144ನೇ ಕಲಮಿನಲ್ಲೇ ಇದೆ. 18 ತುಂಬುವ ಮೊದಲೇ ಅಂಗವೈಕಲ್ಯದ ಯುಡಿಐಡಿ ಕಾರ್ಡ್ ಮಾಡಿಸಿಕೊಂಡು ಅರ್ಜಿ ಹಾಕಿ, ನಡುವೆ ಒಂದು ತಿಂಗಳೂ ತಪ್ಪದಿರಲಿ.

ಅವನಿಗೆ ನಿರಾಮಯ ವಿಮೆಯನ್ನೂ ಮಾಡಿಸಿ. ಸೆರೆಬ್ರಲ್ ಪಾಲ್ಸಿ, ಆಟಿಸಂ, ಬೌದ್ಧಿಕ ಊನ, ಬಹುವಿಧ ಅಂಗವೈಕಲ್ಯ ಇರುವವರಿಗೆ ರಾಷ್ಟ್ರೀಯ ನ್ಯಾಸ ಕೊಡುವ, 1 ಲಕ್ಷ ರೂಪಾಯಿವರೆಗಿನ ರಕ್ಷಣೆ ಅದು. ವಯಸ್ಸಿನ ಮಿತಿ ಇಲ್ಲ, ಮೊದಲೇ ವೈದ್ಯಕೀಯ ಪರೀಕ್ಷೆ ಕೇಳುವುದಿಲ್ಲ, ಹೊರರೋಗಿ ಚಿಕಿತ್ಸೆ ಮತ್ತು ಥೆರಪಿಯ ಖರ್ಚೂ ಬರುತ್ತದೆ. 18 ಆದ ಮೇಲೆ ಅವನ ಪರವಾಗಿ ಸಹಿ ಹಾಕಲು ಕಾನೂನಿನ ಪೋಷಕರು ಬೇಕು. ಅದನ್ನು ಜಿಲ್ಲಾಧಿಕಾರಿಗಳ ಅಧ್ಯಕ್ಷತೆಯ ಸ್ಥಳೀಯ ಸಮಿತಿ ನೇಮಿಸುತ್ತದೆ. ಮೊಮ್ಮಗಳಿಗೆ ಹೇಳಿ, ಹುಡುಗನ ತಾಯಿಯ ಹೆಸರಿನಲ್ಲಿ ಅರ್ಜಿ ಬರೆದಿಡಲಿ. ಸೋಮವಾರ ನಾನು ನಾಪೋಕ್ಲು ಕಡೆ ಬರುವವಳಿದ್ದೇನೆ, ಕಾಗದಗಳನ್ನು ಒಮ್ಮೆ ನೋಡಿಕೊಡುತ್ತೇನೆ.